ಕಡಲ ಬಾತುಗಳೂ ಒಬ್ಬ ಮೇಷ್ಟರೂ

ಕೆಲವು ವರ್ಷಗಳ ಹಿಂದೆ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿರುವ ಮಗನ ಮನೆಯಲ್ಲಿ ಒಂದು ಚಳಿಗಾಲವನ್ನು ಕಳೆದೆ. ಒಂದು ಭಾನುವಾರ ಅವನು ನನ್ನನ್ನು ಕಡಲತೀರಕ್ಕೆ ಕರೆದೊಯ್ದು, ಕೈಗೆ ದುರ್ಬೀನನ್ನಿತ್ತು, "ಅಪ್ಪಾ, ಅಲ್ಲಿ ಮೂರು ಜಾತಿಯ ಬಾತುಗಳಿವೆ, ನೋಡಿ" ಎಂದ. ನನಗೆ ಕಂಡದ್ದು ಅಲೆಗಳ ನಡುವೆ ಏಳುತ್ತ ಮುಳುಗುತ್ತ ತೇಲುವ ಕರಿಯ ಚುಕ್ಕೆಗಳು ಮಾತ್ರ. ಅವು ಸ್ಕೋಟರ್ ಎಂಬ ಕಡಲ ಬಾತುಗಳಂತೆ. ಇವನ್ನು ದೂರದಿಂದ ಬೇರ್ಪಡಿಸುವ ವಿದ್ಯೆ ಮನುಷ್ಯನಿಗೆ ಹೇಗೆ ಬಂತೆಂಬ ಕುತೂಹಲದಿಂದ ಅಂದು ರಾತ್ರಿ ಅವನ ಪುಸ್ತಕಗಳನ್ನು ತೆರೆದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಹಕ್ಕಿಯನ್ನು ಗುರುತಿಸುವುದೆಂದರೆ ಬಹುಮಟ್ಟಿಗೆ ಅದನ್ನು ಕೊಲ್ಲುವುದೇ ಆಗಿತ್ತು. ಸೈನ್ಯದ ವೈದ್ಯರೂ ಪಕ್ಷಿಶಾಸ್ತ್ರಜ್ಞರೂ ಆಗಿದ್ದ ಎಲಿಯಟ್ ಕೌಸ್ ಅವರು 1874ರ ತಮ್ಮ ಕೈಪಿಡಿಯಲ್ಲಿ ಜೋಡುನಳಿಗೆ ಕೋವಿಯನ್ನೇ ಪ್ರಧಾನ ಸಾಧನವೆಂದು ಹೇಳಿದರು. ಮರುವರ್ಷವೇ, 1875ರಲ್ಲಿ, ನ್ಯೂಯಾರ್ಕ್ ಬಳಿಯ ಲಾಂಗ್ ಐಲ್ಯಾಂಡ್ ತೀರದಲ್ಲಿ ಒಂದು ಲ್ಯಾಬ್ರಡಾರ್ ಬಾತನ್ನು ಹೊಡೆದುರುಳಿಸಿದರು. ಅದೂ ಕಡಲ ಬಾತೇ. ಖಚಿತವಾಗಿ ದೊರೆತವುಗಳಲ್ಲಿ ಅದೇ ಕೊನೆಯದು. ಒಂದು ಕಾಲಕ್ಕೆ ಪೇಟೆಯಲ್ಲಿ ಇತರ ಬಾತುಗಳೊಡನೆ ಮಾರಾಟಕ್ಕೆ ತೂಗುತ್ತಿದ್ದ ಆ ಹಕ್ಕಿಯ ಸುಮಾರು 55 ತೊಗಲುಗಳಷ್ಟೇ ಇಂದು ಜಗತ್ತಿನ ಸಂಗ್ರಹಾಲಯಗಳಲ್ಲಿ ಉಳಿದಿವೆ. ಅದರ ಬದುಕಿನ ವಿವರಗಳನ್ನು ಯಾರೂ ಸರಿಯಾಗಿ ಬರೆದಿಡುವ ಮುನ್ನವೇ ಅದು ಇಲ್ಲವಾಯಿತು.

ಕೋವಿಯಿಲ್ಲದೆ ಗುರುತಿಸುವ ದಾರಿಯ ಒಂದು ಸುಳಿವು ದೊರೆತದ್ದು ಮಕ್ಕಳ ಪುಸ್ತಕವೊಂದರಲ್ಲಿ. ಅರ್ನೆಸ್ಟ್ ಥಾಮ್ಸನ್ ಸೀಟನ್ ಅವರ 'ಟು ಲಿಟಲ್ ಸ್ಯಾವೇಜಸ್' (1903) ಕಥೆಯಲ್ಲಿ ಯಾನ್ ಎಂಬ ಹುಡುಗನಿಗೆ ಬಾತುಗಳು ದೂರದಲ್ಲಷ್ಟೇ ಕಾಣುತ್ತವೆ. ಅವನ ಪುಸ್ತಕವೋ ಕೈಯಲ್ಲಿ ಹಿಡಿದ ಹಕ್ಕಿಯನ್ನು ಮಾತ್ರ ವರ್ಣಿಸುತ್ತದೆ. ಒಮ್ಮೆ ಗಾಜಿನ ಪೆಟ್ಟಿಗೆಯಲ್ಲಿದ್ದ ಬಾತುಗಳನ್ನು ಕಂಡು ಅವುಗಳ ಮಚ್ಚೆ, ಪಟ್ಟೆಗಳನ್ನು ಚಿತ್ರಿಸಿಕೊಳ್ಳುತ್ತಾನೆ. ಪ್ರತಿಯೊಂದಕ್ಕೂ ಸಿಪಾಯಿಯ ಸಮವಸ್ತ್ರದಂತೆ ತನ್ನದೇ ಗುರುತಿದೆಯೆಂಬುದು ಅವನಿಗೆ ಹೊಳೆಯುತ್ತದೆ.

ಈ ಕಥೆ ರೋಜರ್ ಟೋರಿ ಪೀಟರ್ಸನ್ (1908–1996) ಎಂಬ ತರುಣನ ಮನಸ್ಸಿನಲ್ಲಿ ನೆಲೆಸಿತು. ಆತ ಆಗ ಮ್ಯಾಸಚೂಸೆಟ್ಸ್‌ನ ಬ್ರೂಕ್‌ಲೈನ್‌ನಲ್ಲಿ ಚಿತ್ರಕಲೆಯನ್ನೂ ನಿಸರ್ಗ ಪಾಠವನ್ನೂ ಕಲಿಸುತ್ತಿದ್ದ ಶಾಲಾ ಮೇಷ್ಟರೆಂದು ಓದಿ ನನಗೆ ಸಹಜವಾಗಿಯೇ ಹಿಗ್ಗಾಯಿತು. ಹಲವು ಪ್ರಕಾಶಕರು ತಿರಸ್ಕರಿಸಿದ ಅವರ ಕೈಪಿಡಿಯನ್ನು 1934ರಲ್ಲಿ ಬಾಸ್ಟನ್‌ನ ಹೌಟನ್ ಮಿಫ್ಲಿನ್ ಸಂಸ್ಥೆ 2000 ಪ್ರತಿ ಅಚ್ಚುಹಾಕಿತು. ಬಹುಪಾಲು ಕಪ್ಪುಬಿಳುಪು ಚಿತ್ರಗಳು. ನೋಡಬೇಕಾದ ಗುರುತಿನತ್ತ ಒಂದೊಂದು ಪುಟ್ಟ ಗೆರೆ. ಅಷ್ಟೇ. ಆ ಪ್ರತಿಗಳು ಬೇಗನೆ ಮುಗಿದುಹೋದವು.

ಮುಂದಿನ ವಾರ ಆ ಪಾಠವನ್ನು ಒಪ್ಪಿಸಲು ಮತ್ತೆ ತೀರಕ್ಕೆ ಹೋದೆ. ಸರ್ಫ್ ಸ್ಕೋಟರ್ ಗಂಡಿಗೆ ಹಣೆಯ ಮೇಲೊಂದು, ಹಿಂಗತ್ತಿನ ಮೇಲೊಂದು ಬಿಳಿಯ ಮಚ್ಚೆ. ಬಿಳಿರೆಕ್ಕೆಯ ಸ್ಕೋಟರ್ ಗಂಡಿಗೆ ಕಣ್ಣಿನ ಬಳಿ ಸಣ್ಣ ಬಿಳಿಯ ಗೀರು, ರೆಕ್ಕೆಯಲ್ಲಿ ಬಿಳಿಯ ಪಟ್ಟೆ. ಕರಿ ಸ್ಕೋಟರ್ ಗಂಡಿನಲ್ಲಿ ಬಿಳುಪೇ ಇಲ್ಲ. ಕೊಕ್ಕಿನ ಬುಡದಲ್ಲಿ ಕಿತ್ತಳೆ ಹಳದಿಯ ಉಬ್ಬು ಮಾತ್ರ. ಗಂಡುಗಳನ್ನು ಅರ್ಧ ಗಂಟೆಯಲ್ಲಿ ಗುರುತಿಸಿದೆ. ಕಷ್ಟವಾದದ್ದು ಕಂದುಬಣ್ಣದ ಹೆಣ್ಣುಗಳು. ಕರಿ ಸ್ಕೋಟರ್‌ನ ಹೆಣ್ಣು ಕಪ್ಪು ಟೊಪ್ಪಿಗೆಯಿಟ್ಟಂತಿದ್ದು ಕೆನ್ನೆ ಮಾಸಲು. ಅದನ್ನು ಹೇಗೋ ಹಿಡಿಯಬಹುದು. ಉಳಿದೆರಡರ ಹೆಣ್ಣುಗಳಿಗೆ ಮುಖದಲ್ಲಿ ಎರಡೆರಡು ಮಾಸಲು ಮಚ್ಚೆ. ಈಜುವಾಗ ರೆಕ್ಕೆಯ ಬಿಳುಪು ಬಹಳ ಸಲ ಮರೆಯಾಗಿರುವುದರಿಂದ, ಹಕ್ಕಿ ತಾನಾಗಿಯೇ ರೆಕ್ಕೆ ಕೊಡವುವವರೆಗೆ ಕಾಯಬೇಕು. ಕಾದೆ, ಕೊಡವಿತು, ಕಂಡಿತು.

ಆಗ ನನಗೆ ನನ್ನ ತರಗತಿಗಳು ನೆನಪಾದವು. ಒಂದೇ ಸಮವಸ್ತ್ರದ ಅರವತ್ತು ಮಕ್ಕಳಲ್ಲಿ ಜಾಣರನ್ನೂ ತುಂಟರನ್ನೂ ಮೊದಲ ವಾರದಲ್ಲೇ ಗುರುತು ಹಿಡಿಯುತ್ತಿದ್ದೆ. ಹಿಂದಿನ ಬೆಂಚಿನ ಮೌನಿ ಹುಡುಗಿಯರಲ್ಲಿ ಕೆಲವರ ಹೆಸರನ್ನು ವರ್ಷದ ಕೊನೆಗೂ ಹಾಜರಿ ಪುಸ್ತಕ ನೋಡಿಯೇ ಕರೆದದ್ದುಂಟು. ನಿವೃತ್ತನಾದ ಮೇಲೆ ಅವರಲ್ಲೊಬ್ಬಳು ಬಸ್‌ ನಿಲ್ದಾಣದಲ್ಲಿ ಕಾಲಿಗೆರಗಿ, "ಗುರುತು ಸಿಕ್ಕಿತೇ ಸಾರ್?" ಎಂದು ಕೇಳಿದ್ದಳು. ಸಿಕ್ಕಿತೆಂದು ಸುಳ್ಳು ಹೇಳಿದ್ದೆ. ಆಕೆ ಹೆಸರು ಹೇಳದೆ ನಕ್ಕು ಬಸ್ ಹತ್ತಿದಳು. ಅವಳು ಯಾರೆಂದು ನನಗೆ ಇಂದಿಗೂ ತಿಳಿಯದು.