ನೀರು, ವಲಸೆ, ಮದುವೆ: ಬಸರಾಳು ಸೀಮೆಯಿಂದ ವಯಸ್ಕರ ಒಂಟಿತನದ ಪರಿಶೀಲನೆ

ಒಂಟಿತನವನ್ನು ವ್ಯಕ್ತಿಯ ಸ್ವಭಾವಕ್ಕೋ ಇಳಿವಯಸ್ಸಿಗೋ ಗಂಟು ಹಾಕುವುದು ರೂಢಿ. ಮಂಡ್ಯ ತಾಲ್ಲೂಕಿನ ಹೋಬಳಿ ಕೇಂದ್ರವಾದ ಬಸರಾಳು ಮತ್ತು ಅದರ ಸುತ್ತಣ ಜಿಲ್ಲೆಯನ್ನು ಗಮನಿಸಿದರೆ, ಅದರ ಬೇರುಗಳು ನೀರಿನ ಹಂಚಿಕೆ, ವಲಸೆ ಹಾಗೂ ಮದುವೆಯ ವ್ಯವಸ್ಥೆಯಲ್ಲಿವೆ ಎಂಬುದು ಈ ಲೇಖನದ ವಾದ.

ಸಮಾಜಶಾಸ್ತ್ರಜ್ಞ ರಾಬರ್ಟ್ ವೈಸ್ 1973ರಲ್ಲಿ ಒಂಟಿತನವನ್ನು ಎರಡು ಬಗೆಯಾಗಿ ವಿಂಗಡಿಸಿದರು. ಆಪ್ತಜೀವವೊಂದು ಇಲ್ಲದಿರುವುದು ಭಾವನಾತ್ಮಕ. ಸರೀಕರ ಒಡನಾಟ ಇಲ್ಲದಿರುವುದು ಸಾಮಾಜಿಕ. ಒಂದರ ಕೊರತೆಯನ್ನು ಇನ್ನೊಂದು ತುಂಬದು.

ಬಸರಾಳು ಮೂಲೆಯ ಊರಲ್ಲ. ಹೊಯ್ಸಳರ ಹರಿಹರ ದಣ್ಣಾಯಕ 1234ರಲ್ಲಿ ಮಲ್ಲಿಕಾರ್ಜುನ ದೇವಾಲಯ ಕಟ್ಟಿಸಿದ್ದು ಇಲ್ಲಿಯೇ. ಇಂದು ಮಂಡ್ಯ–ನಾಗಮಂಗಲ ರಸ್ತೆ ಊರನ್ನು ಹಾದುಹೋಗುತ್ತದೆ. ಆದ್ದರಿಂದ ದೂರವೊಂದೇ ಇಲ್ಲಿ ವಿವರಣೆಯಾಗದು. ಹೆಚ್ಚು ನೆರವಾಗುವುದು ನೆಲದ ಏರಿಳಿತ. ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್ 1954–56ರಲ್ಲಿ ಮಂಡ್ಯದ ಬಳಿಯ ಎರಡು ಹಳ್ಳಿಗಳನ್ನು ವಂಗಲ, ದಲೇನ ಎಂಬ ಕಲ್ಪಿತ ಹೆಸರುಗಳಲ್ಲಿ ಅಧ್ಯಯನ ಮಾಡಿದರು. ನಾಲೆ ನೀರು ಹರಿದ ವಂಗಲದಲ್ಲಿ ಜನ ಕಬ್ಬು, ಭತ್ತ ನಂಬಿ ಊರಲ್ಲೇ ಉಳಿದರು, ಹಳೆಯ ಸಂಬಂಧಗಳೂ ಉಳಿದವು. ಎತ್ತರದಲ್ಲಿದ್ದು ನೀರು ಸಿಗದ ದಲೇನದ ಗಂಡಸರು ನೌಕರಿ, ವ್ಯಾಪಾರ ಹುಡುಕಿ ಹೊರಗೆ ನಡೆದರು, ಊರೊಳಗಿನ ಕಟ್ಟು ಸಡಿಲವಾಯಿತು. ಎಪ್‌ಸ್ಟೀನ್ ಅರಸಿದ್ದು ಒಂಟಿತನವನ್ನಲ್ಲ. ಆದರೂ ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ ಎಂಬುದನ್ನು ನಾಲೆಯ ಮಟ್ಟ ನಿರ್ಧರಿಸಬಲ್ಲದೆಂದು ಅವರ ಬರಹ ತೋರಿಸುತ್ತದೆ.

ಇಂದು ಜನರನ್ನು ಹೊರಗೆಳೆಯುವ ಸೆಳೆತ ಬೆಂಗಳೂರಿನದು. 2001ರಿಂದ 2011ರವರೆಗೆ ರಾಜ್ಯದ ಜನಸಂಖ್ಯೆ ಶೇ. 15.6ರಷ್ಟು ಬೆಳೆದರೆ, ಮಂಡ್ಯ ಜಿಲ್ಲೆಯದು 17.63 ಲಕ್ಷದಿಂದ 18.05 ಲಕ್ಷಕ್ಕಷ್ಟೇ ಏರಿತು. ಜನನ ಪ್ರಮಾಣ ಇಳಿದದ್ದರ ಜೊತೆಗೆ ವಲಸೆಯೂ ಇದಕ್ಕೆ ಕಾರಣ. ಹೋದವರು ಹೆಚ್ಚಾಗಿ ದುಡಿಯುವ ವಯಸ್ಸಿನವರು. ಹಿಂದುಳಿದ ತಂದೆತಾಯಿಗೆ ಮಗನ ಫೋನು ದಿನವೂ ಬರಬಹುದು. ಜಗಲಿಯಲ್ಲಿ ಜೊತೆಗೆ ಕೂರುವವರು ಮಾತ್ರ ಕಡಿಮೆಯಾಗುತ್ತಾರೆ. ಇದು ಸಾಮಾಜಿಕ ಒಂಟಿತನ.

ಮದುವೆಯಾಗದ ರೈತನ ಸ್ಥಿತಿ ಇದಕ್ಕೆ ತಿರುವುಮುರುವು. ಡೇರಿಯ ಮುಂದೆ ಗೆಳೆಯರಿದ್ದಾರೆ, ಮನೆಯಲ್ಲಿ ಸಂಗಾತಿಯಿಲ್ಲ. 2022ರ ನವೆಂಬರಿನಲ್ಲಿ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ನಡೆದ ವಧು-ವರರ ಸಮಾವೇಶಕ್ಕೆ ವರರು ಸಾವಿರಗಳಲ್ಲಿ, ವಧುಗಳು ನೂರುಗಳಲ್ಲಿ ಬಂದರು. 2023ರ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಅವಿವಾಹಿತ ಯುವಕರು ವಧು ಸಿಗಲೆಂದು ಬೇಡಿ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಹೆಣ್ಣು ಹೆತ್ತವರು ಬೇಸಾಯಗಾರನಿಗಿಂತ ಸಂಬಳದ ವರನನ್ನು ಬಯಸುವುದು ವಧುಗಳ ಈ ಕೊರತೆಗೆ ಒಂದು ಕಾರಣ. ಅದೇ ವರ್ಷ ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದು ಬಯಲಾಯಿತು. ಇನ್ನೊಂದು ಕಾರಣ ಅಲ್ಲಿದೆ. ಹೆಣ್ಣು ಬೇಡವೆಂದ ಸಮಾಜವೇ ತನ್ನ ಗಂಡುಮಕ್ಕಳನ್ನು ಒಂಟಿಯಾಗಿಸುತ್ತಿದೆ.

ಮದುವೆಯಾಗಿ ಬಂದ ಹೆಣ್ಣಿನ ಒಡನಾಟ ಬಹುಪಾಲು ತವರಿನಲ್ಲೇ ಉಳಿದಿರುತ್ತದೆ. 2023ರ ಜೂನ್ 11ರಂದು ಜಾರಿಯಾದ, ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ, ತವರಿಗೆ ಹೋಗಿಬರಲು ಬಸ್ಸಿನ ಖರ್ಚಿಗೆ ಕೈಚಾಚುವ ಅಗತ್ಯವನ್ನು ತಪ್ಪಿಸಿದೆ. ಬಸ್ಸುಗಳೇ ವಿರಳವಾಗಿರುವ ಊರಿನಲ್ಲಿ ಅದರ ಫಲ ಅರ್ಧ.

ಸಮೀಕ್ಷೆಗಳು ಈ ಭೇದಗಳನ್ನು ಹಿಡಿಯಬೇಕು. 2017–18ರಲ್ಲಿ ಮೊದಲ ಸುತ್ತು ನಡೆದ ಭಾರತದ ದೀರ್ಘಾವಧಿ ವೃದ್ಧಾಪ್ಯ ಅಧ್ಯಯನ 45 ದಾಟಿದವರನ್ನು ಕೇಂದ್ರವಾಗಿಟ್ಟುಕೊಂಡಿದೆ. ಮೂವತ್ತೈದರ ಅವಿವಾಹಿತ ರೈತ ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಮುಂದಿನ ಅಧ್ಯಯನಗಳು ನೀರಾವರಿ ಮತ್ತು ಖುಷ್ಕಿ ಊರುಗಳನ್ನು ಬೇರೆಯಾಗಿಸಿ, ಮೂವತ್ತರಿಂದಲೇ ಆರಂಭಿಸಿ, ಒಂಟಿತನದ ಎರಡೂ ಬಗೆಗಳನ್ನು ಪ್ರತ್ಯೇಕವಾಗಿ ಅಳೆಯಬೇಕು.