ಆಪ್ತಮಿತ್ರ (ಚಲನಚಿತ್ರ)

2004ರ ಆಗಸ್ಟ್‌ನಲ್ಲಿ ತೆರೆಕಂಡ ಕನ್ನಡದ ಮನೋವೈಜ್ಞಾನಿಕ ಥ್ರಿಲ್ಲರ್. ನಿರ್ದೇಶನ ಪಿ. ವಾಸು, ನಿರ್ಮಾಣ ದ್ವಾರಕೀಶ್. ಫಾಜಿಲ್ ಅವರ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’ (1993) ಇದರ ಮೂಲ. ಹಳೆಯ ಅರಮನೆಗೆ ಬಂದ ಗಂಗಾ, ಎಂದೋ ಸತ್ತ ನರ್ತಕಿ ನಾಗವಲ್ಲಿಯೇ ತಾನೆಂದು ನಂಬತೊಡಗುತ್ತಾಳೆ. ಮನೋವೈದ್ಯ ವಿಜಯ್ (ವಿಷ್ಣುವರ್ಧನ್) ಆ ಭ್ರಮೆಯನ್ನು ಅಲ್ಲಗಳೆಯದೆ ಅದರೊಳಗೇ ಹೊಕ್ಕು, ಆ ಅರಮನೆಯ ಅಂದಿನ ರಾಜನ ಮೇಲಿನ ಸೇಡು ತೀರಿತೆಂದು ನಾಗವಲ್ಲಿಗೆ ಮನಗಾಣಿಸುತ್ತಾನೆ. ಸಮ್ಮೋಹನದ ಸೂಚನಾತಂತ್ರಕ್ಕೆ ಇದು ಹತ್ತಿರವಾದರೂ ಇಲ್ಲಿ ವೈದ್ಯಶಾಸ್ತ್ರಕ್ಕಿಂತ ನಾಟಕೀಯತೆಯೇ ಹೆಚ್ಚು.

ಚಿತ್ರದ ಜೀವಾಳ ಗಂಗಾ ಪಾತ್ರದ ನಟಿ ಸೌಂದರ್ಯ. ಮೃದುವಾಗಿ ಕನ್ನಡ ಆಡುತ್ತಿದ್ದವಳು ಕಣ್ಣರಳಿಸಿ, ದನಿ ಗಡುಸಾಗಿಸಿ ತೆಲುಗಿಗೆ ತಿರುಗುವ ಗಳಿಗೆ ಇಂದಿಗೂ ನಡುಕ ಹುಟ್ಟಿಸುತ್ತದೆ. ಅದೇ ವರ್ಷದ ಏಪ್ರಿಲ್ 17ರಂದೇ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ ಸೌಂದರ್ಯ ಅವರಿಗೆ ಈ ಅಭಿನಯಕ್ಕಾಗಿ ಮರಣೋತ್ತರವಾಗಿ ಫಿಲಂಫೇರ್ ಪ್ರಶಸ್ತಿ ಸಂದಿತು. ಚಿತ್ರ ಭಾರಿ ಯಶಸ್ಸು ಕಂಡಿತು. ಮುಂದುವರಿದ ಭಾಗ ‘ಆಪ್ತರಕ್ಷಕ’ 2010ರಲ್ಲಿ ಬಂತು.