ಏಳು ಬಾವಿಗಳ ಊರಿನಲ್ಲಿ ಮಳೆಯ ನೀರು

ಉದ್ಯೋಗನಿಮಿತ್ತ ಚೆನ್ನೈಗೆ ಬಂದು ನೆಲೆಸಿದ ಕನ್ನಡಿಗರಿಗೆ ಇಲ್ಲಿಯ ನೀರಿನ ಬವಣೆಯನ್ನು ಬಣ್ಣಿಸಬೇಕಾದುದಿಲ್ಲ. ಆದರೆ ಆ ಬವಣೆಗೂ ಒಂದು ಚರಿತ್ರೆಯುಂಟು. ಅದರಲ್ಲಿ ನಾವು ಕಲಿಯತಕ್ಕ ಪಾಠವೂ ಉಂಟು.

1772ರಲ್ಲಿ ಕ್ಯಾಪ್ಟನ್ ಬೇಕರ್ ಎಂಬಾತನು ಸೇಂಟ್ ಜಾರ್ಜ್ ಕೋಟೆಗೆ ನೀರೊದಗಿಸಲು ಬಾವಿಗಳ ಯೋಜನೆಯೊಂದನ್ನು ಮುಂದಿಟ್ಟನು. ‘ಏಳು ಕಿಣರು’, ಎಂದರೆ ಏಳು ಬಾವಿ, ಎಂದು ಇಂದಿಗೂ ಒಂದು ಬಡಾವಣೆಗೆ ಹೆಸರಿರುವುದು ಆ ಬಾವಿಗಳಿಂದಲೇ. ಊರಿನ ಉಳಿದ ಜನರಿಗೆ ಹಿತ್ತಿಲ ಬಾವಿಯೂ ಗುಡಿಯ ಕೊಳವೂ ಆಸರೆ. 1872ರಲ್ಲಿ ರೆಡ್ ಹಿಲ್ಸ್ ಕೆರೆಯ ನೀರು ಕಾಲುವೆಯ ಮೂಲಕ ಊರಿಗೆ ಬಂದಿತು. ನಲ್ಲಿ ಬಂದಮೇಲೆ ಬಾವಿಯ ಮೇಲಣ ಮಮತೆ ತಗ್ಗಿತು. ಊರು ಬೆಳೆದಂತೆ ಕೆರೆಯ ನೀರೂ ಸಾಲದಾಯಿತು. 1996ರಲ್ಲಿ ಕೃಷ್ಣೆಯ ನೀರನ್ನೂ, 2004ರಲ್ಲಿ ವೀರಾಣಂ ಕೆರೆಯಿಂದ ಕಾವೇರಿಯ ನೀರನ್ನೂ ತರಬೇಕಾಯಿತು. ನಮ್ಮ ನಾಡನ್ನು ಹಾದುಬಂದ ಎರಡು ನದಿಗಳೂ ನಮ್ಮನ್ನು ಹಿಂಬಾಲಿಸಿ ಬಂದಂತಾಯಿತು!

ಈ ನಡುವೆ, 2003ರಲ್ಲಿ, ಪ್ರತಿ ಕಟ್ಟಡವೂ ಮಳೆನೀರನ್ನು ಹಿಡಿದಿಡತಕ್ಕದ್ದೆಂದು ತಮಿಳುನಾಡು ಸರಕಾರವು ಕಡ್ಡಾಯ ಮಾಡಿತು. ಇದು ದೊಡ್ಡ ಹೆಜ್ಜೆಯೇ ಸರಿ. ವರ್ಷಕ್ಕೆ ಸುಮಾರು 1,400 ಮಿಲಿಮೀಟರು ಮಳೆಯಾಗುವ ಈ ಊರಿನಲ್ಲಿ ಒಂದು ಗ್ರೌಂಡು, ಎಂದರೆ 2,400 ಚದರಡಿ, ಜಾಗದ ಮೇಲೆ ಸುಮಾರು ಮೂರು ಲಕ್ಷ ಲೀಟರು ನೀರು ಸುರಿಯುತ್ತದೆ. 2009ರಲ್ಲಿ ಬೆಂಗಳೂರಿಗೂ ಇಂತಹ ಕಾನೂನು ಬಂದಿತು.

ಆದರೆ ಮಳೆನೀರೆಲ್ಲವೂ ಒಂದೇ ಅಲ್ಲ. ಚಾವಣಿಯ ನೀರು ಬೇರೆ, ಬೀದಿಯ ನೀರು ಬೇರೆ. ಬೀದಿಯಲ್ಲಿ ಹರಿವ ನೀರು ಮೋಟಾರುಗಳ ಎಣ್ಣೆಯನ್ನೂ, ಟಯರು ಸವೆದ ಪುಡಿಯನ್ನೂ, ಸಗಣಿಯನ್ನೂ, ಉಕ್ಕಿದ ಚರಂಡಿಯ ಕೊಳೆಯನ್ನೂ ಹೊತ್ತು ಸಾಗುತ್ತದೆ. ಪೆಟ್ರೋಲಿಗೆ ಸೀಸ ಬೆರಸುವುದು ನಮ್ಮ ದೇಶದಲ್ಲಿ 2000ದಲ್ಲಿ ನಿಂತಿತಾದರೂ, ಮಣ್ಣಿಗಿಳಿದ ಸೀಸವು ಬೇಗನೆ ಬಿಟ್ಟುಹೋಗುವಂತಹುದಲ್ಲ.

ಇದಕ್ಕೆ ಅಮೆರಿಕದ ಲಾಂಗ್ ಐಲೆಂಡಿನ ನಿದರ್ಶನವು ಮನನೀಯ. ಅಲ್ಲಿಯ ಜನರು ಕುಡಿಯುವುದು ನೆಲದಡಿಯ ನೀರನ್ನೇ. 1930ರ ದಶಕದಿಂದ ಬೀದಿಯ ಮಳೆನೀರನ್ನು ದೊಡ್ಡ ಹೊಂಡಗಳಲ್ಲಿ ಇಂಗಿಸುತ್ತ ಬಂದರು. 1980ರ ದಶಕದಲ್ಲಿ ಪರೀಕ್ಷಿಸಿದಾಗ ಕಂಡುದೇನು? ಸೀಸವೇ ಮೊದಲಾದ ಲೋಹಗಳನ್ನೂ ರೋಗಾಣುಗಳನ್ನೂ ಮಣ್ಣು ಬಹುಮಟ್ಟಿಗೆ ತಡೆದಿತ್ತು. ಹಿಮ ಕರಗಿಸಲು ರಸ್ತೆಗೆ ಎರಚಿದ ಉಪ್ಪು ಮಾತ್ರ ಮಣ್ಣನ್ನು ದಾಟಿ ಅಂತರ್ಜಲವನ್ನು ಸೇರಿತ್ತು.

ಎಂದಮೇಲೆ ಮಣ್ಣೇ ನಮ್ಮ ಜರಡಿ. ಆದರೆ ಎಲ್ಲವನ್ನೂ ಹಿಡಿಯುವ ಜರಡಿಯಲ್ಲ. ಅಂಗಳದ, ಬೀದಿಯ ನೀರನ್ನು ಕೊಳವೆಯಿಟ್ಟು ನೇರವಾಗಿ ಬಾವಿಗೆ ಬಿಟ್ಟರೆ ಆ ಜರಡಿಯೂ ತಪ್ಪಿದಂತೆ. ಮರಳುನೆಲದ ಕಡಲ ಕರೆಯಲ್ಲಿ, ಮಳೆಗಾಲದಲ್ಲಿ ನೀರು ಮೇಲೆದ್ದು ನಿಂತಾಗ, ನಡುವೆ ಉಳಿಯುವ ಮಣ್ಣು ಕೆಲವೇ ಅಡಿ.

ಬ್ಯಾಂಕಿನಲ್ಲಿ ದುಡಿಯುವ ನನಗೆ ಅಂತರ್ಜಲವು ಮುದ್ದತು ಠೇವಣಿಯಂತೆ ತೋರುತ್ತದೆ. ಹಣ ಕಟ್ಟುವಾಗ ಖೋಟಾ ನೋಟನ್ನು ಆರಿಸಿ ತೆಗೆಯುವೆವಷ್ಟೆ? ನೀರಿಗೂ ಅದೇ ನ್ಯಾಯ. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಡೋಣ. ಚಾವಣಿಯ ನೀರನ್ನು ಮರಳು ಜಲ್ಲಿಗಳಲ್ಲಿ ಸೋಸಿ ಬಾವಿಗಿಳಿಸೋಣ. ಇಂಗುಗುಂಡಿಯನ್ನು ಮಲದ ಗುಂಡಿಯಿಂದ ದೂರವಿಡೋಣ. ವರ್ಷಕ್ಕೊಮ್ಮೆ ಬಾವಿಯ ನೀರನ್ನು ಪರೀಕ್ಷೆ ಮಾಡಿಸೋಣ. ನೀರುಣಿಸುತ್ತಿರುವ ಊರಿಗೆ ನಾವು ಸಲ್ಲಿಸಬಹುದಾದ ಋಣ ಇದಕ್ಕಿಂತ ಬೇರೊಂದುಂಟೆ?